ಪಾತ್ರೆಗಳ ನಡುವೆ ದೇವರನ್ನು ಕಂಡ ಆವಿಲಾದ ತೆರೇಸಾ

ಪ್ರಶ್ನೆ: ಕಲಾ ಇತಿಹಾಸ ಓದುತ್ತಿರುವ ನನ್ನ ಮಗಳು ಒಂದು ಶಿಲ್ಪದ ಫೋಟೋ ತೋರಿಸಿದಳು. ಮೋಡದ ಮೇಲೆ ಒರಗಿ ಕಣ್ಣು ಮುಚ್ಚಿದ ಒಬ್ಬ ಸನ್ಯಾಸಿನಿ, ಎದುರಿಗೆ ಬಾಣ ಹಿಡಿದು ನಗುತ್ತಿರುವ ದೇವದೂತ. 'ಇವರು ಆವಿಲಾದ ತೆರೇಸಾ' ಎಂದಳು. ನನಗೆ ಗೊತ್ತಿದ್ದದ್ದು ಮದರ್ ತೆರೇಸಾ ಒಬ್ಬರೇ. ಈಕೆ ಯಾರು? ಈ ದರ್ಶನಗಳೆಲ್ಲ ನಿಜವಾ, ಇಲ್ಲ ಒಂದು ಕಾಯಿಲೆಯಾ? ನಾವು ಕ್ರೈಸ್ತರಲ್ಲ. ಬೆಳಿಗ್ಗೆ ಹತ್ತು ನಿಮಿಷ ಧ್ಯಾನಕ್ಕೆ ಕೂತರೆ ಮನಸ್ಸು ಹತ್ತು ಕಡೆ ಓಡುತ್ತದೆ. ನಮ್ಮಂಥವರಿಗೆ ಆಕೆಯ ಹತ್ತಿರ ಏನಾದರೂ ಇದೆಯಾ?

ಉತ್ತರ: ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕ್ರೈಸ್ತ ಚರಿತ್ರೆಯಲ್ಲಿ ಮೂವರು ಪ್ರಸಿದ್ಧ ತೆರೇಸಾ ಇದ್ದಾರೆ. ಮೊದಲನೆಯವಳು ಸ್ಪೇನಿನ ಆವಿಲಾದವಳು, 1515ರಿಂದ 1582. ಎರಡನೆಯವಳು ಫ್ರಾನ್ಸಿನ ಲಿಸಿಯೂದವಳು, 24ನೇ ವಯಸ್ಸಿಗೆ 1897ರಲ್ಲಿ ತೀರಿಕೊಂಡವಳು, ಮೊದಲನೆಯವಳು ಕಟ್ಟಿದ ಸನ್ಯಾಸಿನಿಯರ ಸಭೆಗೇ ಸೇರಿದವಳು. ನಿಮಗೆ ಗೊತ್ತಿರುವ ಕಲ್ಕತ್ತದ ಮದರ್ ತೆರೇಸಾ ಹೆಸರು ತೆಗೆದುಕೊಂಡದ್ದು ಈ ಎರಡನೆಯವಳಿಂದ. ನಿಮ್ಮ ಮಗಳು ತೋರಿಸಿದ್ದು ಮೊದಲನೆಯವಳನ್ನು. ರೋಮಿನ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿನಲ್ಲಿರುವ ಆ ಶಿಲ್ಪವನ್ನು ಬೆರ್ನಿನಿ 1647ರಿಂದ 1652ರ ನಡುವೆ ಮಾಡಿದ. ಅಷ್ಟು ಹೊತ್ತಿಗೆ ತೆರೇಸಾ ತೀರಿಕೊಂಡು 65 ವರ್ಷ ಕಳೆದಿತ್ತು.

ಆ ಶಿಲ್ಪ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದಾಗಿ ತೆರೇಸಾ ಎಂದರೆ ಮೋಡದ ಮೇಲೆ ಮೈಮರೆತವಳು ಅನ್ನೋ ಚಿತ್ರವೇ ಎಲ್ಲರ ತಲೆಯಲ್ಲಿ ನಿಂತುಬಿಟ್ಟಿದೆ. ಎಷ್ಟೋ ವರ್ಷದಿಂದ ಆಕೆಯ ಬರಹ ಓದುತ್ತಾ, ಪಾಠ ಮಾಡುತ್ತಾ ಬಂದ ನನಗೆ ಕಾಣುವ ತೆರೇಸಾ ಬೇರೆ. ಹೇಸರಗತ್ತೆಯ ಗಾಡಿಯಲ್ಲಿ ಧೂಳು ಕುಡಿಯುತ್ತಾ ಊರೂರು ತಿರುಗಿದ, ಬಾಡಿಗೆ ಮನೆಗೆ ಚೌಕಾಸಿ ಮಾಡಿದ, ಸಾಲದ ಲೆಕ್ಕ ಇಟ್ಟ, ತಲೆನೋವು ಬಂದರೆ ಪುಸ್ತಕದಲ್ಲೇ 'ತಲೆನೋವು' ಎಂದು ಬರೆದುಕೊಂಡ ಹೆಂಗಸು. ಇಬ್ಬರೂ ಒಬ್ಬಳೇ. ಅದನ್ನೇ ಈ ಉತ್ತರದಲ್ಲಿ ಹೇಳಬೇಕೆಂದಿದ್ದೇನೆ.

ಆವಿಲಾ ಎತ್ತರದ, ಚಳಿಯ, ಕಲ್ಲಿನ ಊರು. ಸುತ್ತ ಎರಡೂವರೆ ಕಿಲೋಮೀಟರ್ ಉದ್ದದ ಕೋಟೆಗೋಡೆ. ಅದು ಈಗಲೂ ಹಾಗೇ ನಿಂತಿದೆ. 1515ರ ಮಾರ್ಚ್ 28ರಂದು ತೆರೇಸಾ ಹುಟ್ಟಿದ್ದು ಅನುಕೂಲಸ್ಥರ ಮನೆಯಲ್ಲಿ. ಆದರೆ ಆ ಮನೆಯಲ್ಲಿ ಒಂದು ಗುಟ್ಟಿತ್ತು. ತಾತ ಹುವಾನ್ ಸಾಂಚೆಸ್ ತೊಲೆದೊ ನಗರದ ಬಟ್ಟೆ ವ್ಯಾಪಾರಿ, ಯಹೂದಿ ಮೂಲದಿಂದ ಕ್ರೈಸ್ತನಾದವನು. ಒಳಗೊಳಗೇ ಹಳೆಯ ಧರ್ಮ ಪಾಲಿಸಿದ ಆರೋಪದ ಮೇಲೆ 1485ರಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಅವನಿಗೆ ಶಿಕ್ಷೆ ಕೊಟ್ಟಿತು. ಅವಮಾನದ ಅಂಗಿ ತೊಟ್ಟು ವಾರ ವಾರ ಊರಿನ ಚರ್ಚುಗಳಿಗೆ ಮೆರವಣಿಗೆ ಹೋಗಬೇಕು. ಆಮೇಲೆ ಅವನು ಆವಿಲಾಕ್ಕೆ ಬಂದು ಹೊಸ ಬದುಕು ಕಟ್ಟಿದ. ಮಕ್ಕಳು ಕೋರ್ಟಿಗೆ ಹೋಗಿ ಗಣ್ಯರ ಪಟ್ಟ ಗಿಟ್ಟಿಸಿಕೊಂಡರು. ಆ ಕೋರ್ಟು ಕಾಗದಗಳು 1940ರ ದಶಕದಲ್ಲಿ ಬೆಳಕಿಗೆ ಬರುವವರೆಗೆ ಜಗತ್ತು ತೆರೇಸಾಳನ್ನು ಅಪ್ಪಟ ಹಳೆ ಕ್ರೈಸ್ತ ವಂಶದವಳೆಂದೇ ನಂಬಿತ್ತು.

ಆಗಿನ ಸ್ಪೇನಿನಲ್ಲಿ 'ರಕ್ತಶುದ್ಧಿ' ದೊಡ್ಡ ವಿಷಯ. ಯಾವ ಸಭೆಗೆ ಸೇರಬೇಕಾದರೂ ವಂಶ ಕೇಳುತ್ತಿದ್ದರು. ತೆರೇಸಾ ಮುಂದೆ ಕಟ್ಟಿದ ಮಠಗಳಲ್ಲಿ ಅದನ್ನು ಕೇಳುವುದಿಲ್ಲ ಅಂತಲೇ ಇಟ್ಟುಕೊಂಡಳು. ಆಕೆಯ ಬರಹದಲ್ಲಿ 'ಮಾನ', 'ಮನೆತನದ ಗೌರವ' ಅನ್ನೋ ಮಾತು ಬಂದಾಗಲೆಲ್ಲ ಒಂದು ಬಗೆಯ ಸಿಟ್ಟು ಕಾಣುತ್ತದೆ. ಜಾತಿ ಕೇಳಿಯೇ ಮುಂದಿನ ಮಾತಾಡುವ ನಮ್ಮ ಊರುಗಳಲ್ಲಿ ಬೆಳೆದವರಿಗೆ ಆ ಸಿಟ್ಟು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಏಳು ವರ್ಷದ ಹುಡುಗಿಯಾಗಿದ್ದಾಗ ಅಣ್ಣ ರೊದ್ರಿಗೊನನ್ನು ಕರೆದುಕೊಂಡು ಮನೆ ಬಿಟ್ಟು ಹೊರಟಿದ್ದಳು. ಮೂರ್ ಜನರ, ಅಂದರೆ ಮುಸ್ಲಿಮರ, ನಾಡಿಗೆ ಹೋಗಿ ದೇವರಿಗಾಗಿ ತಲೆ ಕೊಟ್ಟರೆ ಸೀದಾ ಸ್ವರ್ಗ ಅನ್ನೋದು ಲೆಕ್ಕ. ಊರಾಚೆ ಚಿಕ್ಕಪ್ಪ ಹಿಡಿದು ವಾಪಸ್ ತಂದ. ಹದಿಹರೆಯಕ್ಕೆ ಕಾಲಿಡುವಾಗ ತಾಯಿ ಹೋದಳು. ತಾಯಿಯಿಂದ ಬಂದ ಒಂದು ಚಟ ಇತ್ತು, ವೀರರ ಪ್ರೇಮಕಥೆಗಳ ಪುಸ್ತಕ ಓದುವುದು. ಅಪ್ಪನಿಗೆ ಗೊತ್ತಾಗದ ಹಾಗೆ ಹಗಲು ರಾತ್ರಿ ಓದುತ್ತಿದ್ದಳಂತೆ. ಹೊಸ ಪುಸ್ತಕ ಕೈಗೆ ಸಿಗದಿದ್ದರೆ ಸಮಾಧಾನವೇ ಇರುತ್ತಿರಲಿಲ್ಲ ಎಂದು ತಾನೇ ಬರೆದಿದ್ದಾಳೆ. ಚೆಂದದ ಬಟ್ಟೆ, ಅತ್ತರು, ಹರಟೆ ಎಲ್ಲವೂ ಇಷ್ಟ.

1535ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಅಪ್ಪನ ಒಪ್ಪಿಗೆ ಇಲ್ಲದೆ ಆವಿಲಾದ ಎನ್ಕಾರ್ನಾಸಿಯೊನ್ ಕಾನ್ವೆಂಟಿಗೆ ಸೇರಿದಳು. ಅದು ಕಾರ್ಮೆಲ್ ಸಭೆಯ ಕನ್ಯಾಮಠ. ಮನೆ ಬಿಟ್ಟ ದಿನ ಮೈಯ ಮೂಳೆ ಮೂಳೆಯೂ ಬೇರೆಯಾದ ಹಾಗಾಯಿತು, ಸಾಯುವಾಗಲೂ ಇಷ್ಟು ನೋವಾಗಲಾರದು ಎಂದು ನೆನೆಸಿಕೊಳ್ಳುತ್ತಾಳೆ. ಭಕ್ತಿಯ ಅಲೆಯಲ್ಲಿ ತೇಲಿಕೊಂಡು ಹೋದವಳಲ್ಲ ಆಕೆ. ಮದುವೆಯ ಬಗ್ಗೆ ಭಯವಿತ್ತು, ನರಕದ ಬಗ್ಗೆಯೂ ಭಯವಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಕೆಲವೇ ವರ್ಷದಲ್ಲಿ ಆರೋಗ್ಯ ಕೆಟ್ಟಿತು. ಬೆಸೆದಾಸ್ ಎಂಬ ಹಳ್ಳಿಯ ಒಬ್ಬ ನಾಟಿ ವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಅವಳು ಭೇದಿ ಔಷಧ ಕೊಟ್ಟೂ ಕೊಟ್ಟೂ ಇನ್ನಷ್ಟು ಕೆಡಿಸಿದಳು. 1539ರ ಆಗಸ್ಟಿನಲ್ಲಿ ಪ್ರಜ್ಞೆ ತಪ್ಪಿ ಸುಮಾರು ನಾಲ್ಕು ದಿನ ಎಚ್ಚರವೇ ಇಲ್ಲ. ಸತ್ತಳೆಂದೇ ತಿಳಿದರು. ಕಾನ್ವೆಂಟಿನಲ್ಲಿ ಗುಂಡಿ ತೋಡಿ ಕಾಯುತ್ತಿದ್ದರು. ಕಣ್ಣು ಬಿಟ್ಟಾಗ ರೆಪ್ಪೆಯ ಮೇಲೆ ಮೇಣ ಇತ್ತು, ಹೆಣಕ್ಕೆ ಹಚ್ಚಿದ ಮೇಣ. ಆಮೇಲೆ ಬಲಗೈಯ ಒಂದೇ ಒಂದು ಬೆರಳು ಬಿಟ್ಟರೆ ಏನೂ ಅಲ್ಲಾಡಿಸಲು ಆಗುತ್ತಿರಲಿಲ್ಲ. ಸುಮಾರು ಮೂರು ವರ್ಷ ಹಾಸಿಗೆ. ಅಂಬೆಗಾಲಿಡಲು ಬಂದ ದಿನ ದೇವರಿಗೆ ಕೈ ಮುಗಿದೆ ಎಂದು ಬರೆದಿದ್ದಾಳೆ.

ಈಗ ನಿಮ್ಮ ಮನಸ್ಸು ಓಡುವ ಮಾತಿಗೆ ಬರುತ್ತೇನೆ. ತೆರೇಸಾಳಿಗೆ ಪ್ರಾರ್ಥನೆ ಸುಲಭವಾಗಿ ಬಂದದ್ದಲ್ಲ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಒದ್ದಾಡಿದಳು. ಎನ್ಕಾರ್ನಾಸಿಯೊನ್ ಆಗ ದೊಡ್ಡ ಕಾನ್ವೆಂಟು, ನೂರಕ್ಕೂ ಹೆಚ್ಚು ಹೆಂಗಸರು. ಹಣವಂತರ ಮಕ್ಕಳಿಗೆ ಸ್ವಂತ ಕೋಣೆ, ಬಡವರಿಗೆ ಸಾಲು ಹಾಸಿಗೆ. ಹೊರಗಿನವರು ಬಂದು ಮಾತಾಡುವ ಕೋಣೆಯಲ್ಲಿ ದಿನವಿಡೀ ಹರಟೆ. ತೆರೇಸಾಳ ಮಾತು ಎಂದರೆ ಎಲ್ಲರಿಗೂ ಇಷ್ಟ, ಆಕೆಗೂ ಮಾತು ಎಂದರೆ ಇಷ್ಟ. ಪ್ರಾರ್ಥನೆಗೆ ಕೂತರೆ ಗಡಿಯಾರ ಯಾವಾಗ ಹೊಡೆಯುತ್ತೋ ಅಂತ ಕಿವಿ ಅಲ್ಲೇ. ಈ ಒಂದು ಗಂಟೆ ಸುಮ್ನೆ ಕೂರುವುದಕ್ಕಿಂತ ಯಾವ ಕಠಿಣ ಪ್ರಾಯಶ್ಚಿತ್ತ ಕೊಟ್ಟರೂ ಸಂತೋಷದಿಂದ ಮಾಡುತ್ತಿದ್ದೆ ಎನ್ನುತ್ತಾಳೆ. ಸ್ವಲ್ಪ ಕಾಲ ಒಬ್ಬಳೇ ಪ್ರಾರ್ಥಿಸುವುದನ್ನು ಬಿಟ್ಟೂ ಬಿಟ್ಟಿದ್ದಳು. 'ನನ್ನಂಥವಳು ಯಾವ ಮುಖ ಹೊತ್ತುಕೊಂಡು ದೇವರ ಮುಂದೆ ಕೂರಲಿ' ಎಂಬ ನಾಚಿಕೆ. ಜೀವನದ ದೊಡ್ಡ ತಪ್ಪು ಅದು ಎಂದು ಆಮೇಲೆ ತಿಳಿಯಿತು.

1554ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಕಾನ್ವೆಂಟಿನ ಒಂದು ಮೂಲೆಯಲ್ಲಿ ಯಾವುದೋ ಹಬ್ಬಕ್ಕೆ ತಂದಿಟ್ಟಿದ್ದ ಗಾಯಗೊಂಡ ಯೇಸುವಿನ ಪ್ರತಿಮೆ ಕಣ್ಣಿಗೆ ಬಿತ್ತು. ಅದರ ಮುಂದೆ ಕುಸಿದು ಅತ್ತುಬಿಟ್ಟಳು. ಬದುಕು ತಿರುಗಿದ್ದು ಅಲ್ಲಿಂದ. ಆ ಮೂಲೆ, ಆ ಪ್ರತಿಮೆ ಯಾರೂ ನೋಡಬಹುದಾದ ಸಾಮಾನ್ಯ ವಸ್ತು. ಬೆಳಕಿಲ್ಲ, ಬಾಣವಿಲ್ಲ. ಬೆರ್ನಿನಿ ಇದನ್ನು ಕೆತ್ತಿದ್ದರೆ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಪ್ರಾರ್ಥನೆ ಎಂದರೆ ಏನು ಎಂದು ಕೇಳಿದರೆ ಆಕೆಯ ಉತ್ತರ ಸರಳ. ನಮ್ಮನ್ನು ಪ್ರೀತಿಸುತ್ತಾನೆ ಎಂದು ಗೊತ್ತಿರುವ ಗೆಳೆಯನ ಜೊತೆ ಆಗಾಗ ಒಬ್ಬರೇ ಕೂತು ಮಾತಾಡುವುದು. ಇದನ್ನು ವಿವರಿಸಲು ತಾನೇ ಬರೆದ ತನ್ನ ಜೀವನಚರಿತ್ರೆಯಲ್ಲಿ ಒಂದು ತೋಟದ ಹೋಲಿಕೆ ಕೊಡುತ್ತಾಳೆ. ಕಳೆ ಬೆಳೆದ ಒಣ ನೆಲ. ನೀವು ತೋಟಗಾರ, ತೋಟ ಯಜಮಾನನದು. ನೀರು ಹಾಯಿಸಲು ನಾಲ್ಕು ದಾರಿ. ಮೊದಲನೆಯದು ಬಾವಿಯಿಂದ ಸೇದುವುದು. ಬೆನ್ನು ಮುರಿಯುತ್ತದೆ, ಸಿಗುವ ನೀರು ಕಡಿಮೆ. ಎರಡನೆಯದು ರಾಟೆ, ಸಾಲಾಗಿ ಕುಡಿಕೆ ಕಟ್ಟಿದ ಚಕ್ರ ತಿರುಗಿಸಿ ಎತ್ತುವುದು. 'ನಾನೇ ತಿರುಗಿಸಿದ್ದೇನೆ' ಎಂದು ನಡುವೆ ಸೇರಿಸುತ್ತಾಳೆ. ಮೂರನೆಯದು ಹೊಳೆಯ ಕಾಲುವೆ. ನಾಲ್ಕನೆಯದು ಮಳೆ. ಆಗ ತೋಟಗಾರನ ಕೆಲಸ ಏನೂ ಇಲ್ಲ.

ನನ್ನ ಅಜ್ಜನ ತೋಟದಲ್ಲಿ ಕಪಿಲೆ ಬಾವಿ ಇತ್ತು. ಎತ್ತು ಇಳಿಜಾರಿನಲ್ಲಿ ಇಳಿದಾಗ ಚರ್ಮದ ಬಾನೆ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುವ ಆ ಸದ್ದು ಕೇಳಿದವರಿಗೆ ತೆರೇಸಾಳ ಈ ಪುಟಗಳು ಬಹಳ ಹತ್ತಿರ. ಜೂನಿನಲ್ಲಿ ಮಳೆ ಹಿಡಿದ ದಿನ ಅಜ್ಜ ಎತ್ತು ಬಿಚ್ಚಿ ಜಗಲಿ ಮೇಲೆ ಕೂತುಬಿಡುತ್ತಿದ್ದ. ಅಷ್ಟೇ ನಾಲ್ಕನೇ ನೀರು.

ನಿಮ್ಮ ಹತ್ತು ನಿಮಿಷ ಮೊದಲನೇ ನೀರು. ಕೊಡ ಇಳಿಬಿಟ್ಟಿದ್ದೀರಿ, ಬರಿದೇ ಮೇಲೆ ಬರುತ್ತಿದೆ. ಅದಕ್ಕೂ ಆಕೆಯ ಹತ್ತಿರ ಉತ್ತರ ಇದೆ. ಬಾವಿ ಒಣಗಿದ್ದರೆ ಅದು ತೋಟಗಾರನ ತಪ್ಪಲ್ಲ. ಯಜಮಾನನ ಬಾವಿ, ಯಜಮಾನನ ತೋಟ. ನೀವು ಕೊಡ ಇಳಿಸುತ್ತಾ ಇರಿ. ನೀರು ಸಿಕ್ಕಿತೋ ಇಲ್ಲವೋ, ಬಂದು ಕೂತಿರಲ್ಲ, ಅದನ್ನು ಅವನು ನೋಡಿದ್ದಾನೆ.

ಓಡುವ ಮನಸ್ಸಿನ ಬಗ್ಗೆ ಇನ್ನೂ ಚೆಂದದ ಮಾತೊಂದು 'ಒಳಗಿನ ಕೋಟೆ' ಎಂಬ ಪುಸ್ತಕದಲ್ಲಿದೆ. ಅದನ್ನು ಬರೆಯುವಾಗ ಆಕೆಗೆ 62 ವರ್ಷ. ತಲೆಯಲ್ಲಿ ಒಂದೇ ಸಮನೆ ಸದ್ದು. ಒಳಗೆ ತುಂಬಿದ ಹೊಳೆಗಳು ಧುಮುಕುತ್ತಿವೆ, ಒಂದು ಹಿಂಡು ಹಕ್ಕಿ ಚಿಲಿಪಿಲಿ ಎನ್ನುತ್ತಿವೆ ಎಂದು ಬರೆಯುತ್ತಾಳೆ. ಆದರೂ ಪ್ರಾರ್ಥನೆಗೆ ಅಡ್ಡಿಯಾಗುತ್ತಿಲ್ಲವಂತೆ. ಯೋಚನೆ ಬೇರೆ, ಒಳಗಿನ ನೆಲೆ ಬೇರೆ ಎಂಬುದು ಆಕೆಗೆ ಹೊಳೆದದ್ದು ಹೀಗೆ. ಗಿರಣಿಯ ಕಲ್ಲು ತಿರುಗುವಾಗ ಒಂದು ಮರದ ತುಂಡು ಟಕಟಕ ಎಂದು ಬಡಿದುಕೊಳ್ಳುತ್ತಿರುತ್ತದೆ. ಅದು ಬಡಿದುಕೊಳ್ಳಲಿ ಬಿಡಿ, ನಾವು ನಮ್ಮ ಹಿಟ್ಟು ಬೀಸೋಣ ಎನ್ನುತ್ತಾಳೆ. ಧ್ಯಾನದ ಬಗ್ಗೆ ಎಷ್ಟೋ ಓದಿದ್ದೇನೆ. ಇದಕ್ಕಿಂತ ಉಪಯೋಗಕ್ಕೆ ಬಂದ ಒಂದು ಸಾಲು ನನಗೆ ಸಿಕ್ಕಿಲ್ಲ.

ಇನ್ನು ದರ್ಶನಗಳು. ನಲವತ್ತು ದಾಟಿದ ಮೇಲೆ ಅವು ಜಾಸ್ತಿಯಾದವು. ಬೆರ್ನಿನಿ ಕೆತ್ತಿದ ಘಟನೆ ಆಕೆಯ ಜೀವನಚರಿತ್ರೆಯ 29ನೇ ಅಧ್ಯಾಯದಲ್ಲಿದೆ. ಸಣ್ಣ ಗಾತ್ರದ ಚೆಂದದ ದೇವದೂತ, ಕೈಯಲ್ಲಿ ಬಂಗಾರದ ಭರ್ಜಿ, ತುದಿಯಲ್ಲಿ ಬೆಂಕಿ, ಎದೆಗೆ ಚುಚ್ಚಿದಾಗ ನೋವೂ ಹೌದು, ಆ ನೋವು ಬೇಡ ಅನ್ನಿಸದಷ್ಟು ಸಿಹಿಯೂ ಹೌದು. ಇಂಥ ಮಾತು ಕನ್ನಡದವರಿಗೆ ಹೊಸದಲ್ಲ. 'ಶರಣ ಸತಿ, ಲಿಂಗ ಪತಿ' ಎಂಬ ಭಾವದಲ್ಲಿ ಬೆಳೆದ ನಾಡು ನಮ್ಮದು. ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದ ಅಕ್ಕನ ಮಾತು ಕೇಳಿದವರು ತೆರೇಸಾಳ ಭಾಷೆಗೆ ಬೆಚ್ಚಿಬೀಳುವುದಿಲ್ಲ. ಆದರೆ ಇಬ್ಬರನ್ನು ಒಂದೇ ಅಚ್ಚಿಗೆ ಹಾಕಬೇಡಿ. ಅಕ್ಕ ಎಲ್ಲ ಬಿಟ್ಟು ಹೊರಗೆ ನಡೆದಳು. ತೆರೇಸಾ ಹೊರಗಿನಿಂದ ಗೋಡೆ ಕಟ್ಟಿ ಒಳಗೆ ನಡೆದಳು.

ಕಾಯಿಲೆಯಾ ಎಂದಿರಿ. ಹಾಗೆ ಹೇಳಿದ ವೈದ್ಯರಿದ್ದಾರೆ. ಹಿಸ್ಟೀರಿಯಾ ಎಂದವರು, ಮೂರ್ಛೆರೋಗ ಎಂದವರು. ಆಕೆಯ ದೇಹ ಕಾಯಿಲೆಯದ್ದು ಎಂಬುದು ಖಂಡಿತ ನಿಜ. ಆದರೆ ನಾಲ್ಕೂವರೆ ಶತಮಾನದ ಹಿಂದಿನ ದೇಹಕ್ಕೆ ಪುಸ್ತಕದ ಮೂಲಕ ರೋಗದ ಹೆಸರಿಡುವುದರಿಂದ ಜಾಸ್ತಿ ಏನೂ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಆಕೆ ತನ್ನ ದರ್ಶನವನ್ನು ಹೇಗೆ ನಡೆಸಿಕೊಂಡಳು ಎಂಬುದನ್ನು ನೋಡಿ. ಇದನ್ನೆಲ್ಲ ಮೈಯ ಕಣ್ಣಿನಿಂದ ಎಂದೂ ಕಂಡಿಲ್ಲ, ಒಳಗಣ್ಣಿನಿಂದ ಕಂಡದ್ದು ಎಂದು ಸ್ಪಷ್ಟವಾಗಿ ಹೇಳುತ್ತಾಳೆ. ಜನರ ಮುಂದೆ ಮೈಮರೆವು ಬಂದರೆ ನಾಚಿಕೆಯಿಂದ ಸಾಯುತ್ತಿದ್ದಳು. ಇದು ಸೈತಾನನ ಆಟ ಎಂದು ಅನುಮಾನಿಸಿದ ಒಬ್ಬ ಪಾದ್ರಿ, ದರ್ಶನ ಬಂದಾಗ ಬೆರಳುಗಳ ಸಂದಿಯಲ್ಲಿ ಹೆಬ್ಬೆರಳು ತೂರಿಸಿ ಅಣಕಿಸು ಎಂದು ಆಜ್ಞೆ ಮಾಡಿದರು. ನಮ್ಮಲ್ಲಿ ದೃಷ್ಟಿ ತೆಗೆಯುವ ಹಾಗೆ ಅಲ್ಲಿ ಅದು ಕೆಟ್ಟದ್ದನ್ನು ಓಡಿಸುವ ಸನ್ನೆ. ಪ್ರೀತಿಸುವವನ ಮುಖಕ್ಕೇ ಹಾಗೆ ಮಾಡಬೇಕಲ್ಲ ಎಂದು ಕರುಳು ಹಿಂಡಿದಂತಾದರೂ ಮಾಡಿದಳು.

ಬೇರೆಯವರ ದರ್ಶನದ ಬಗ್ಗೆಯಂತೂ ಆಕೆ ಡಾಕ್ಟರ್ ಇದ್ದ ಹಾಗೆ. ಒಬ್ಬ ಸಿಸ್ಟರ್ ಎಂಟು ಗಂಟೆ ಹೊತ್ತು ಪರವಶಳಾಗಿ ಬಿದ್ದಿರುತ್ತಿದ್ದಳು. ತೆರೇಸಾ ಕೊಟ್ಟ ಮದ್ದು ಇಷ್ಟೇ. ಚೆನ್ನಾಗಿ ಉಣ್ಣಿಸಿ, ಮಲಗಿಸಿ, ಉಪವಾಸ ಕಡಿಮೆ ಮಾಡಿಸಿ. ಪರವಶತೆ ಮಾಯವಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಪರವಶತೆಗೆ 'ಅರೊಬಮಿಯೆಂತೊ' ಎನ್ನುತ್ತಾರೆ. ಇದು ಅದಲ್ಲ, 'ಅಬೊಬಮಿಯೆಂತೊ' ಎಂದಳು. ಅಂದರೆ ಮಂಕುತನ. ಅಕ್ಷರ ಒಂದೆರಡು ಬದಲಾದವು, ರೋಗ ಗೊತ್ತಾಯಿತು. ಮನಸ್ಸು ಕುಗ್ಗಿದ ಸಿಸ್ಟರುಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಒಂದು ಇಡೀ ಅಧ್ಯಾಯವನ್ನೇ ಬರೆದಿದ್ದಾಳೆ.

ಹಾಗಾದರೆ ದರ್ಶನ ನಿಜವೋ ಅಲ್ಲವೋ ತಿಳಿಯುವುದು ಹೇಗೆ? ಆಕೆಯ ಅಳತೆಗೋಲು ಒಂದೇ, ಅದರಿಂದ ಮನುಷ್ಯ ಒಳ್ಳೆಯವನಾದನೇ? ಕಾಯಿಲೆ ಬಿದ್ದ ಸಿಸ್ಟರನ್ನು ಕಂಡರೆ ನಿನ್ನ ಭಕ್ತಿ ಹೋಗುತ್ತದೆಂದು ಹೆದರಬೇಡ, ಹೋಗಿ ನೋಡಿಕೋ, ಅವಳಿಗೆ ಊಟ ಸಿಗಬೇಕಾದರೆ ನೀನು ಉಪವಾಸವಿರು. ದೇವರಿಗೆ ಬೇಕಾದ್ದು ಕೆಲಸ ಎನ್ನುತ್ತಾಳೆ. ಅಡುಗೆ ಸರದಿ ಬಂತೆಂದು ಬೇಸರಪಡುವವರಿಗೆ ಹೇಳಿದ ಮಾತು ತುಂಬ ಪ್ರಸಿದ್ಧ, ಪಾತ್ರೆಗಳ ನಡುವೆಯೂ ಪ್ರಭು ಓಡಾಡುತ್ತಾನೆ. ಅಂದ ಹಾಗೆ, 'ಈಗ ಕ್ರಿಸ್ತನಿಗೆ ನಿಮ್ಮ ಕೈಗಳಲ್ಲದೆ ಬೇರೆ ಕೈಗಳಿಲ್ಲ' ಎಂಬ ಮಾತು ತೆರೇಸಾಳ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಆಕೆಯ ಯಾವ ಬರಹದಲ್ಲೂ ಅದು ಇಲ್ಲ. ಪಾತ್ರೆಯ ಮಾತು ಮಾತ್ರ ಆಕೆಯದೇ.

1562ರ ಆಗಸ್ಟ್ 24ರಂದು ಆವಿಲಾದಲ್ಲಿ ಸಾನ್ ಹೊಸೆ ಎಂಬ ಪುಟ್ಟ ಮಠ ಶುರು ಮಾಡಿದಳು. ನಾಲ್ಕೇ ಹುಡುಗಿಯರು. ಗೌರವದ ಬಿರುದುಗಳಿಲ್ಲ, ಎಲ್ಲರೂ ಸಿಸ್ಟರುಗಳೇ. ನಾರಿನ ಚಪ್ಪಲಿ, ಒರಟು ಬಟ್ಟೆ, ನೂಲು ತೆಗೆದು ಬಂದದ್ದರಲ್ಲಿ ಊಟ. ಆಸ್ತಿಯೂ ಇಲ್ಲ, ಕಾಯಂ ಆದಾಯವೂ ಇಲ್ಲ. ಇದಕ್ಕೇ 'ಬರಿಗಾಲಿನ ಕಾರ್ಮೆಲ್' ಎಂದು ಹೆಸರಾಯಿತು. ಇನ್ನೊಂದು ಮಠ ಸಾಕುವ ಶಕ್ತಿ ನಮಗಿಲ್ಲ ಎಂದು ಇಡೀ ಊರು ಎದ್ದು ನಿಂತಿತು. ನಗರಸಭೆ ಕೋರ್ಟಿಗೆ ಹೋಯಿತು. ಮಠ ಮಾತ್ರ ಉಳಿಯಿತು. 1567ರಲ್ಲಿ ಮೆದಿನಾ ದೆಲ್ ಕಾಂಪೊದಲ್ಲಿ ಎರಡನೆಯದು. ಅಲ್ಲೇ ಶಿಲುಬೆಯ ಯೋವಾನ್ನ ಎಂಬ ಯುವ ಪಾದ್ರಿ ಸಿಕ್ಕರು. ಆಕೆಗೆ 52, ಅವರಿಗೆ 25. ಸ್ಪ್ಯಾನಿಷ್ ಕಾವ್ಯದ ದೊಡ್ಡ ಹೆಸರುಗಳಲ್ಲಿ ಒಂದಾದ ಈ ಕವಿಯನ್ನು ಗಂಡಸರ ಮಠಗಳ ಸುಧಾರಣೆಗೆ ಎಳೆದು ತಂದದ್ದು ತೆರೇಸಾ.

ಸಾಯುವ ಹೊತ್ತಿಗೆ ಹೆಂಗಸರ ಮಠಗಳೇ 17. ಹೆಚ್ಚಿನವಕ್ಕೆ ತಾನೇ ಹೋಗಿ ನಿಂತಳು. ಮುಚ್ಚಿದ ಗಾಡಿ, ಕೆಟ್ಟ ರಸ್ತೆ, ತಿಗಣೆ ತುಂಬಿದ ತಂಗುದಾಣಗಳು. ಈ ಬದುಕು ಕೆಟ್ಟ ಛತ್ರದಲ್ಲಿ ಕಳೆಯುವ ಒಂದು ಕೆಟ್ಟ ರಾತ್ರಿ ಎಂದು ಬರೆದವಳಿಗೆ ಅಂಥ ಛತ್ರಗಳು ಚೆನ್ನಾಗಿ ಗೊತ್ತಿದ್ದವು. ಪೋಪರ ರಾಯಭಾರಿ ಸೇಗಾ ಆಕೆಯನ್ನು 'ನಿಂತಲ್ಲಿ ನಿಲ್ಲದ, ಊರು ತಿರುಗುವ, ಮಾತು ಕೇಳದ ಹೆಂಗಸು' ಎಂದು ಬೈದರು. ಹೆಂಗಸರು ಕಲಿಸಬಾರದೆಂದು ಸಂತ ಪೌಲ ಹೇಳಿದ್ದರೂ ಈಕೆ ಕಲಿಸುತ್ತಾಳೆ ಎಂಬುದು ಅವರ ಇನ್ನೊಂದು ದೂರು.

ಆ ಕಾಲದ ಬಿಗಿ ಎಷ್ಟಿತ್ತೆಂದರೆ, 1559ರಲ್ಲಿ ಇನ್‌ಕ್ವಿಸಿಷನ್ ಆಡುಮಾತಿನಲ್ಲಿದ್ದ ಎಷ್ಟೋ ಭಕ್ತಿ ಪುಸ್ತಕಗಳನ್ನು ನಿಷೇಧಿಸಿತು. ಲ್ಯಾಟಿನ್ ಬಾರದ ಹೆಂಗಸರಿಗೆ ಓದಲು ಏನೂ ಉಳಿಯಲಿಲ್ಲ. 'ದುಃಖಪಡಬೇಡ, ನಾನು ನಿನಗೆ ಜೀವಂತ ಪುಸ್ತಕ ಕೊಡುತ್ತೇನೆ' ಎಂಬ ಮಾತು ಒಳಗಿನಿಂದ ಕೇಳಿಸಿತು ಎನ್ನುತ್ತಾಳೆ. ಆಮೇಲೆ ಓದಲು ಸಿಗದವರಿಗಾಗಿ ತಾನೇ ಬರೆಯತೊಡಗಿದಳು, ಜನ ಮಾತಾಡುವ ಸ್ಪ್ಯಾನಿಷ್‌ನಲ್ಲಿ. 'ಪರಿಪೂರ್ಣತೆಯ ದಾರಿ' ಪುಸ್ತಕದ ಮೊದಲ ಪ್ರತಿಯಲ್ಲಿ ಒಂದು ಭಾಗ ಇದೆ. ಪ್ರಭುವೇ, ನೀನು ಹೆಂಗಸರನ್ನು ಕೀಳಾಗಿ ಕಾಣಲಿಲ್ಲ, ಆದರೆ ಈ ಲೋಕದ ನ್ಯಾಯಾಧೀಶರು ಆದಾಮನ ಮಕ್ಕಳು, ಎಲ್ಲರೂ ಗಂಡಸರೇ, ಹೆಂಗಸಿನ ಯಾವ ಒಳ್ಳೆಯ ಗುಣವನ್ನೂ ಅವರು ಅನುಮಾನಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತು. ಪ್ರತಿ ಪರಿಶೀಲಿಸಿದ ಪಾದ್ರಿ ಅದರ ಮೇಲೆ ದಪ್ಪಗೆ ಗೀಟೆಳೆದರು. ಎರಡನೇ ಪ್ರತಿ ಬರೆಯುವಾಗ ತೆರೇಸಾ ಅದನ್ನು ಕೈಬಿಟ್ಟಳು. ಗೀಟಿನ ಕೆಳಗಿನ ಅಕ್ಷರಗಳನ್ನು ವಿದ್ವಾಂಸರು ಬಿಡಿಸಿ ಓದಿದ್ದಾರೆ. ಎಸ್ಕೊರಿಯಾಲ್ ಗ್ರಂಥಾಲಯದಲ್ಲಿ ಆ ಹಸ್ತಪ್ರತಿ ಈಗಲೂ ಇದೆ.

ಜೀವನಚರಿತ್ರೆಯ ಗತಿಯೂ ಅದೇ. ಪಾಸ್ತ್ರಾನಾದ ಮಠಕ್ಕೆ ಹಣ ಕೊಟ್ಟಿದ್ದ ಎಬೊಲಿಯ ರಾಜಕುಮಾರಿ, ಗಂಡ ಸತ್ತ ಮೇಲೆ ತಾನೂ ಸನ್ಯಾಸಿನಿಯಾಗುತ್ತೇನೆಂದು ಆಳುಕಾಳುಗಳ ಸಮೇತ ಬಂದು ಕೂತಳು. ಮಠದ ನೆಮ್ಮದಿ ಹೋಯಿತು. 1574ರಲ್ಲಿ ತೆರೇಸಾ ತನ್ನ ಸಿಸ್ಟರುಗಳನ್ನೆಲ್ಲ ರಾತ್ರೋರಾತ್ರಿ ಅಲ್ಲಿಂದ ಸೆಗೋವಿಯಾಕ್ಕೆ ಹೊರಡಿಸಿದಳು. ಸಿಟ್ಟಿಗೆದ್ದ ರಾಜಕುಮಾರಿ ಪುಸ್ತಕದ ಮೇಲೆ ಇನ್‌ಕ್ವಿಸಿಷನ್‌ಗೆ ದೂರು ಕೊಟ್ಟಳು. ಅದು ಅಲ್ಲೇ ಸಿಕ್ಕಿಹಾಕಿಕೊಂಡಿತು. ಸಾಯುವವರೆಗೂ ತೆರೇಸಾಳ ಕೈಗೆ ವಾಪಸ್ ಬರಲಿಲ್ಲ. ಹಾಗಾದರೆ ಇನ್ನೊಂದು ಬರೆಯಿರಿ ಎಂದು ಹಿರಿಯರು ಹೇಳಿದಾಗ, 1577ರ ಜೂನ್ 2ರಂದು ಶುರು ಮಾಡಿ ನವೆಂಬರ್ 29ಕ್ಕೆ ಮುಗಿಸಿದ್ದೇ 'ಒಳಗಿನ ಕೋಟೆ'. ನಡುವೆ ತಿಂಗಳುಗಟ್ಟಲೆ ಬರೆಯಲು ಆಗಿರಲಿಲ್ಲ.

ಆತ್ಮ ಎಂದರೆ ಹರಳಿನ ಕೋಟೆ, ಅದರೊಳಗೆ ಏಳು ನೆಲೆ, ನಟ್ಟನಡುವೆ ರಾಜ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರಿಗೆ ಈ ಚಿತ್ರ ಕೂಡಲೇ ಹಿಡಿಸುತ್ತದೆ. ಹೆಚ್ಚಿನ ಜನ ಹೊರಗಿನ ಅಂಗಳದಲ್ಲಿ ಹಾವು ಹಲ್ಲಿಗಳ ಜೊತೆ ಇದ್ದುಬಿಡುತ್ತಾರೆ, ಒಳಗೆ ಏನಿದೆ ಎಂದು ನೋಡುವುದೇ ಇಲ್ಲ ಎಂಬುದು ಆಕೆಯ ಕೊರಗು. ಕೋಣೆಗಳು ಸಾಲಾಗಿಲ್ಲ, ಈಚಲ ಜಾತಿಯ ಗಿಡದ ತಿರುಳಿಗೆ ಸುತ್ತಲೂ ಪದರ ಇರುವ ಹಾಗೆ ಎಂದು ಎಚ್ಚರಿಸುತ್ತಾಳೆ. ಬಾಳೆದಿಂಡು ಸುಲಿದವರಿಗೆ ಅರ್ಥವಾಗುತ್ತದೆ.

ಐದನೇ ನೆಲೆಯಲ್ಲಿ ರೇಷ್ಮೆಹುಳು ಬರುತ್ತದೆ. ಮೆಣಸಿನ ಕಾಳಿನಂಥ ಸಣ್ಣ ಮೊಟ್ಟೆ, ಬೆಚ್ಚಗಾದಾಗ ಜೀವ ಬರುವುದು, ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವುದು, ಕಡ್ಡಿಯ ಮೇಲೆ ತನ್ನ ಬಾಯಿಂದಲೇ ನೂಲು ತೆಗೆದು ಗೂಡು ಕಟ್ಟುವುದು. 'ನಾನು ಕಂಡಿಲ್ಲ, ಕೇಳಿದ್ದು ಅಷ್ಟೇ, ತಪ್ಪಿದ್ದರೆ ನನ್ನ ತಪ್ಪಲ್ಲ' ಎಂದೂ ಬರೆಯುತ್ತಾಳೆ. ಶಿಡ್ಲಘಟ್ಟ, ರಾಮನಗರದ ಕಡೆಯವರು ಓದಿದರೆ ಸರಿಯಾಗಿಯೇ ಕೇಳಿದ್ದಾಳೆ ಎನ್ನುತ್ತಾರೆ. ನಮ್ಮಲ್ಲಿ ಚಂದ್ರಂಕಿಯಿಂದ, ಅಂದರೆ ಹುಳು ಗೂಡು ಕಟ್ಟುವ ಬಿದಿರು ತಟ್ಟೆಯಿಂದ, ಬಿಡಿಸಿದ ಗೂಡು ಹೆಚ್ಚಿನಂಶ ಬಿಸಿನೀರಿಗೆ ಹೋಗುತ್ತದೆ, ನೂಲಿಗಾಗಿ. ಚಿಟ್ಟೆ ಹೊರಬರುವುದು ಬಿತ್ತನೆ ಗೂಡಿನಲ್ಲಿ ಮಾತ್ರ. ತೆರೇಸಾಳ ಕಣ್ಣು ಆ ಬಿತ್ತನೆ ಗೂಡಿನ ಮೇಲೆ. ಒಳಗೆ ಹುಳು ಸಾಯಬೇಕು, ಬಿಳಿ ಚಿಟ್ಟೆ ಬರಬೇಕು. 'ನಾನು' ಎಂಬುದು ಸತ್ತು ಬೇರೆ ಏನೋ ಹುಟ್ಟುವುದನ್ನು ಹೇಳಲು ಆಕೆಗೆ ಸಿಕ್ಕ ಗುರುತು ಇದು.

ಆಕೆಯ 450ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ತೆರೇಸಾಳನ್ನು ಮನುಷ್ಯಳಾಗಿ ನೋಡಬೇಕಾದರೆ ಅಲ್ಲಿ ನೋಡಬೇಕು. ಸಾಲ, ಜ್ವರ, ಮೀನು, ಕಿತ್ತಳೆ ಹೂವಿನ ನೀರು, ಯಾವ ಟಪಾಲಿನವನು ನಂಬಿಕಸ್ಥ ಎಂಬ ವಿಚಾರ. 1577ರಲ್ಲಿ ಸೆವಿಲ್ಲಾದ ಮಠದಿಂದ ಯಾರೋ ತೆಂಗಿನಕಾಯಿ ಕಳಿಸಿದ್ದರು. ಕಡಲಾಚೆಯಿಂದ ಹಡಗಿನಲ್ಲಿ ಬಂದ ಅಪರೂಪದ ವಸ್ತು ಅದು. ಬಂತು, ನೋಡುವಂಥ ವಸ್ತು ಎಂದು ಬೆರಗಿನಿಂದ ಉತ್ತರ ಬರೆದಿದ್ದಾಳೆ. ದಿನಾ ಕಾಯಿ ತುರಿಯುವ ನಮಗೆ ಆ ಸಾಲು ಓದುವಾಗ ಆಕೆ ಪಕ್ಕದ ಮನೆಯವಳಂತೆ ಹತ್ತಿರ ಬಂದು ಕೂತ ಹಾಗಾಗುತ್ತದೆ.

ಸತ್ತದ್ದು ಪ್ರಯಾಣದಲ್ಲೇ. 1582ರಲ್ಲಿ ಬುರ್ಗೊಸ್ ಮಠ ಕಟ್ಟಿ ಮುಗಿಸಿ ಮನೆಗೆ ಹೊರಟವಳನ್ನು ಆಲ್ಬಾ ದೆ ತೋರ್ಮೆಸ್‌ಗೆ ಕರೆಸಿಕೊಂಡರು. ಅಕ್ಟೋಬರ್ 4ರ ರಾತ್ರಿ ಅಲ್ಲಿ ತೀರಿಕೊಂಡಳು. ಮರುದಿನದ ತಾರೀಖು ಅಕ್ಟೋಬರ್ 15. ಹಳೆಯ ಕ್ಯಾಲೆಂಡರಿನಿಂದ ಗ್ರೆಗೋರಿಯನ್ ಕ್ಯಾಲೆಂಡರಿಗೆ ಸ್ಪೇನ್ ದಾಟಿದ ರಾತ್ರಿ ಅದು, ನಡುವಿನ ಹತ್ತು ದಿನ ಇಲ್ಲವೇ ಇಲ್ಲ. ಆಕೆಯ ಹಬ್ಬ ಅಕ್ಟೋಬರ್ 15ಕ್ಕೆ ಬರುವುದು ಅದಕ್ಕೇ. ಬರಹಗಳು 1588ರಲ್ಲಿ ಅಚ್ಚಾದವು. 1622ರಲ್ಲಿ ಸಂತ ಪದವಿ. ಹೆಂಗಸು ಕಲಿಸಬಾರದು ಎಂದು ಬೈಸಿಕೊಂಡವಳನ್ನು 1970ರ ಸೆಪ್ಟೆಂಬರ್ 27ರಂದು ಪೋಪ್ ಆರನೇ ಪೌಲರು ಧರ್ಮಸಭೆಯ 'ಪಂಡಿತೆ' ಎಂದು ಘೋಷಿಸಿದರು. ಆ ಮನ್ನಣೆ ಪಡೆದ ಮೊದಲ ಹೆಂಗಸು ಆಕೆ. ಅಷ್ಟು ತಡವಾದದ್ದಕ್ಕೆ ನನಗೆ ಈಗಲೂ ಬೇಜಾರಿದೆ.

ನಮ್ಮ ನಾಡಿಗೂ ಆಕೆಯ ಸಭೆಗೂ ಹಳೆಯ ನಂಟಿದೆ. 1870ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠದಿಂದ ಒಂದು ಸಣ್ಣ ತಂಡ ಮಂಗಳೂರಿಗೆ ಹಡಗು ಹತ್ತಿತು. ಅವರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಒಬ್ಬಳು ಪ್ಯಾಲೆಸ್ತೀನಿನ ಗಲಿಲಾಯದ ಹುಡುಗಿ, ಮರಿಯಂ ಬವಾರ್ದಿ. ಮನೆಕೆಲಸ ಮಾಡಿ ಬದುಕಿದ್ದ ಅನಾಥೆ, ಓದು ಬರಹ ಅಷ್ಟಕ್ಕಷ್ಟೇ. ಆಕೆಯೂ ದರ್ಶನಗಳನ್ನು ಕಂಡವಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಸನ್ಯಾಸದ ಪ್ರತಿಜ್ಞೆ ಸ್ವೀಕರಿಸಿದಳು. ಆಮೇಲೆ ಆಕೆಯ ಅನುಭವಗಳ ಬಗ್ಗೆ ಅನುಮಾನ ಎದ್ದಿತು. ತೆರೇಸಾಳಿಗೆ ಆದದ್ದೇ ಇಲ್ಲೂ ಆಯಿತು. 1872ರಲ್ಲಿ ಫ್ರಾನ್ಸಿಗೆ ವಾಪಸ್ ಕಳಿಸಿದರು. ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸಿ, ಕೂಲಿಯವರಿಗೆ ನೀರು ಒಯ್ಯುವಾಗ ಬಿದ್ದು ಕೈ ಮುರಿದುಕೊಂಡು, ಅದು ಕೊಳೆತು, 1878ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡಳು. 2015ರಲ್ಲಿ ಆಕೆಯೂ ಸಂತಳಾದಳು. ಮುಂದಿನ ಸಲ ಮಂಗಳೂರಿಗೆ ಹೋದರೆ ಕಂಕನಾಡಿಯ ಕಾರ್ಮೆಲ್ ಮಠದ ಗೋಡೆಯ ಹತ್ತಿರ ಎರಡು ನಿಮಿಷ ನಿಲ್ಲಿ. ಒಳಗಿನವರು ಹೊರಗೆ ಬರುವುದಿಲ್ಲ. ಆದರೆ ಆವಿಲಾದ ಆ ನಾಲ್ವರು ಹುಡುಗಿಯರಿಂದ ಶುರುವಾದ ದಿನಚರಿ ಅಲ್ಲಿ ಈ ಹೊತ್ತೂ ನಡೆಯುತ್ತಿರುತ್ತದೆ.

ಕ್ರೈಸ್ತರಲ್ಲದವರಿಗೆ ಏನಿದೆ ಎಂದಿರಿ. ಯಹೂದಿ ಮನೆಯಲ್ಲಿ ಹುಟ್ಟಿ ದೇವರ ನಂಬಿಕೆ ಬಿಟ್ಟಿದ್ದ ಜರ್ಮನಿಯ ತತ್ವಶಾಸ್ತ್ರಜ್ಞೆ ಎಡಿತ್ ಸ್ಟೈನ್ 1921ರ ಬೇಸಿಗೆಯಲ್ಲಿ ಗೆಳತಿಯ ಮನೆಯಲ್ಲಿ ಈ ಜೀವನಚರಿತ್ರೆ ಓದಿದಳು. ಅದು ಆಕೆಯ ಬದುಕನ್ನೇ ಬದಲಿಸಿತು. ಕಾರ್ಮೆಲ್ ಸೇರಿ ತೆರೇಸಾಳ ಹೆಸರನ್ನೇ ತೆಗೆದುಕೊಂಡಳು. 1942ರಲ್ಲಿ ನಾಜಿಗಳು ಆಶ್‌ವಿಟ್ಜ್‌ನಲ್ಲಿ ಕೊಂದರು. ಎಲ್ಲರಿಗೂ ಅಂಥ ತಿರುವು ಬರಬೇಕಿಲ್ಲ, ಧರ್ಮ ಬದಲಿಸಬೇಕೆಂದೂ ಅಲ್ಲ. ಒಂದು ಗೀಳಿನ ಹಾಗೆ ಸತ್ಯ ಹೇಳುವ ಹೆಂಗಸೊಬ್ಬಳು ತನ್ನ ಒಳಗನ್ನು ಹೇಗೆ ನೋಡಿದಳು ಎಂದು ತಿಳಿಯಲು ಯಾವ ಧರ್ಮದ ಚೀಟಿಯೂ ಬೇಡ.

ಕೊನೆಗೆ ಒಂದು ಸಲಹೆ, ನಿಮಗೂ ನಿಮ್ಮ ಮಗಳಿಗೂ. ಜೀವನಚರಿತ್ರೆ ಸಿಕ್ಕರೆ 29ನೇ ಅಧ್ಯಾಯದಿಂದ ಶುರು ಮಾಡಬೇಡಿ. ಎಲ್ಲರೂ ಬಾಣ ಹುಡುಕಿಕೊಂಡು ಅಲ್ಲಿಗೇ ಹೋಗುತ್ತಾರೆ. ಮೊದಲು 8ನೆಯದು, ಗಡಿಯಾರಕ್ಕೆ ಕಿವಿಗೊಟ್ಟು ಕೂತ ಅಧ್ಯಾಯ. ಆಮೇಲೆ 11ನೆಯದು, ಬಾವಿಯದು. ಅಲ್ಲಿ ಒಂದಿಷ್ಟು ದಿನ ನೀರು ಸೇದಿ. ಶಿಲ್ಪದ ಫೋಟೋ ಅಷ್ಟರವರೆಗೆ ಮಗಳ ಫೋನಿನಲ್ಲೇ ಇರಲಿ.